ಛಾಪಾ ಕಾಗದಕ್ಕೆ ಸಹಿ ಹಾಕಿದ ಗುರು

ಮಗನನ್ನು ಬಡಗಿಯ ಬಳಿಗೋ ಗ್ಯಾರೇಜಿಗೋ ಕೆಲಸ ಕಲಿಯಲು ಕಳುಹಿಸುವಾಗ ನೀವು ಏನು ಕೇಳುತ್ತೀರಿ? ಸಂಬಳ ಎಷ್ಟೆಂದು ಕೇಳುತ್ತೀರಿ. ಏನು ಕಲಿಸುವಿರಿ, ಹೊಡೆಯುವಿರಾ, ಭಾನುವಾರ ಬಿಡುವು ಕೊಡುವಿರಾ ಎಂದು ಕೇಳುವವರು ಕಡಿಮೆ. ಇಟಲಿಯ ಟ್ಯೂರಿನ್ ನಗರದಲ್ಲಿ ಇದನ್ನೆಲ್ಲ ಕೇಳಿ, ಛಾಪಾ ಕಾಗದದ ಮೇಲೆ ಬರೆಸಿಕೊಂಡ ಗುರುವೊಬ್ಬರಿದ್ದರು. ಅವರೇ ಸಂತ ಜಾನ್ ಬೋಸ್ಕೊ.

1815ರ ಆಗಸ್ಟ್ 16ರಂದು ಟ್ಯೂರಿನ್ ಸಮೀಪದ ಬೆಕ್ಕಿ ಎಂಬ ಕುಗ್ರಾಮದಲ್ಲಿ ಹುಟ್ಟಿದ ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತ ಓದುಬರಹ ಅರಿಯದ ರೈತ ಹೆಣ್ಣು. ಹುಡುಗ ಓದಿನ ನಡುವೆ ದರ್ಜಿಯ ಬಳಿ ಸೂಜಿ ಹಿಡಿದ, ಕಮ್ಮಾರನ ಬಳಿ ಸುತ್ತಿಗೆ ಹಿಡಿದ, ಕಾಫಿ ಅಂಗಡಿಯಲ್ಲೂ ದುಡಿದ. ಮುಂದೆ ಇದಾವುದೂ ವ್ಯರ್ಥವಾಗಲಿಲ್ಲ.

1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್‌ಗೆ ಬಂದ ಅವರನ್ನು ಕಲಕಿದ್ದು ಅಲ್ಲಿನ ಸೆರೆಮನೆ. ಕಂಬಿಗಳ ಹಿಂದೆ ಮೀಸೆ ಮೂಡದ ಹುಡುಗರು! ನಗರ ಬೆಳೆಯುತ್ತಿತ್ತು, ಗಾರೆ ಹೊರಲು, ಹೊಗೆಗೂಡು ಗುಡಿಸಲು ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಕಸುಬಿಲ್ಲ, ನೆಂಟರಿಲ್ಲ. ಹೊರಗೆ ಬಂದವರೇ ಮತ್ತೆ ಒಳಗೆ ಹೋಗುತ್ತಿದ್ದರು.

1846ರ ಪಾಸ್ಖ ಹಬ್ಬದಂದು ವಾಲ್ದೋಕ್ಕೊ ಎಂಬಲ್ಲಿ ತಗ್ಗು ಛಾವಣಿಯ ಕೊಟ್ಟಿಗೆಯೊಂದು ಅವರ ಮಕ್ಕಳಿಗೆ ನೆಲೆಯಾಯಿತು. ಜಪ, ಆಟ, ಧರ್ಮೋಪದೇಶದ ಜೊತೆಗೆ ರಾತ್ರಿಶಾಲೆ. 1850ರಲ್ಲಿ ಆ ರಾಜ್ಯದಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬರುವುದಿತ್ತು. ಹೊಸ ಅಳತೆ ತಿಳಿಯದ ಕೂಲಿಗೆ ಮೋಸ ಖಚಿತವಲ್ಲವೇ? ಈ ಗುರು ಅದನ್ನು ವಿವರಿಸುವ ಪುಸ್ತಕ ಬರೆದರು, ಸಾಲದೆಂದು ಮಕ್ಕಳಿಂದ ಅದರ ಮೇಲೆ ನಾಟಕವನ್ನೂ ಆಡಿಸಿದರು. ಕಿಲೋಗ್ರಾಮಿನ ಮೇಲೆ ನಾಟಕ ಬರೆದ ಸಂತರು ಬೇರೊಬ್ಬರು ಇರಲಾರರು!

1852ರ ಫೆಬ್ರವರಿ 8ರ ಒಂದು ಕರಾರನ್ನು ನೋಡಿ. ಬಡಗಿಯು ಎರಡು ವರ್ಷದಲ್ಲಿ ಹುಡುಗನಿಗೆ ಕಸುಬು ಕಲಿಸಬೇಕು. ಬೇರೆ ಚಾಕರಿ ಮಾಡಿಸಬಾರದು. ತಪ್ಪಿದರೆ ಮಾತಿನಿಂದ ತಿದ್ದಬೇಕು, ಕೈ ಎತ್ತಬಾರದು. ಹಬ್ಬಹರಿದಿನ ಬಿಡುವು ಕೊಡಬೇಕು. ಕೈ ಪಳಗಿದಂತೆ ದಿನಗೂಲಿ ಏರಿಸಬೇಕು. ಕೂಲಿ ಮೊದಲು 30 ಸೆಂಟೆಸಿಮಿ, ಆರು ತಿಂಗಳ ಬಳಿಕ 40. ಹುಡುಗನೂ ವಿಧೇಯನಾಗಿ, ಮನಸ್ಸಿಟ್ಟು ದುಡಿಯಬೇಕು.

ಆದರೂ ಹೊರಗಿನ ಅಂಗಡಿಗಳಲ್ಲಿ ಮಕ್ಕಳು ಕೆಡುತ್ತಿದ್ದರು. ಆದ್ದರಿಂದ 1853ರಲ್ಲಿ ಮನೆಯಲ್ಲೇ ಚಮ್ಮಾರಿಕೆ, ಹೊಲಿಗೆ ಆರಂಭವಾದವು. ಮರುವರ್ಷ ಪುಸ್ತಕ ಕಟ್ಟುವಿಕೆ, 1856ರಲ್ಲಿ ಮರಗೆಲಸ, ಬಳಿಕ ಮುದ್ರಣ ಮತ್ತು ಕಮ್ಮಾರಿಕೆ. ದಾರಿ ಸಲೀಸಾಗಿರಲಿಲ್ಲ. ಬಾಡಿಗೆ ಮೇಸ್ತ್ರಿಗಳು ಮಕ್ಕಳನ್ನು ಆಳುಗಳಂತೆ ಕಂಡರು. ಬಗೆಬಗೆಯ ಏರ್ಪಾಡು ಮಾಡಿ ಸೋತ ಮೇಲೆ, ಕಸುಬು ಬಲ್ಲ ತಮ್ಮದೇ ಸಭೆಯ ಸಹೋದರರನ್ನು ತಯಾರುಗೊಳಿಸಿದರು.

1865ರಲ್ಲಿ ರಾಜಧಾನಿಯ ಪಟ್ಟ ಫ್ಲಾರೆನ್ಸಿಗೆ ಹೋಯಿತು. ಬಡವಾದ ಟ್ಯೂರಿನ್ ಕ್ರಮೇಣ ಕಾರ್ಖಾನೆಗಳತ್ತ ತಿರುಗಿತು. 1884ರ ಅಲ್ಲಿನ ರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ, ಚಿಂದಿಬಟ್ಟೆ ಕಾಗದವಾಗಿ, ಅಚ್ಚಾಗಿ, ಪುಸ್ತಕವಾಗುವ ತನಕದ ಕೆಲಸವನ್ನು ಜನರೆದುರೇ ಮಾಡಿ ತೋರಿಸಿದವರು ಬೋಸ್ಕೊ ಸ್ವಾಮಿಗಳ ಹುಡುಗರು.

ಸ್ವಾಮಿಗಳು 1888ರ ಜನವರಿ 31ರಂದು ತೀರಿಕೊಂಡರು. 1934ರಲ್ಲಿ ಸಂತ ಪದವಿ ದೊರೆಯಿತು. 1852ರ ಆ ಕರಾರುಪತ್ರ ಉಳಿದುಬಂದಿದೆ. ಅದರಲ್ಲಿ ಬಡಗಿಯ ಸಹಿ ಇದೆ, ತಂದೆಯದಿದೆ, ಗುರುಗಳದಿದೆ. ಕಸುಬು ಕಲಿಯಲು ಹೊರಟ ಹುಡುಗನ ಸಹಿಯೂ ಇದೆ.