ಮಣ್ಣನ್ನು ಕಾಯ್ದ ಮಹನೀಯ

ಒಂದು ಅಂಗುಲದಷ್ಟು ಮೇಲ್ಮಣ್ಣು ರೂಪುಗೊಳ್ಳಲು ನಿಸರ್ಗಕ್ಕೆ ನೂರಾರು ವರ್ಷಗಳು ಬೇಕು. ಅದನ್ನು ಕಳೆದುಕೊಳ್ಳಲು ಕೆಲವೇ ಮಳೆಗಾಲಗಳು ಸಾಕು. ಈ ಸತ್ಯವನ್ನು ತಮ್ಮ ದೇಶಕ್ಕೆ ಮನಗಾಣಿಸಲು ಜೀವಮಾನವನ್ನೇ ಮುಡಿಪಾಗಿಟ್ಟವರು ಅಮೆರಿಕದ ವಿಜ್ಞಾನಿ ಹ್ಯೂ ಹ್ಯಾಮಂಡ್ ಬೆನೆಟ್.

ಬೆನೆಟ್ಟರು 1881ರ ಏಪ್ರಿಲ್ 15ರಂದು ಉತ್ತರ ಕೆರೊಲಿನಾ ರಾಜ್ಯದ ವೇಡ್ಸ್‌ಬರೋ ಪಟ್ಟಣದ ಬಳಿ, ಹತ್ತಿ ಬೆಳೆಯುವ ಕೃಷಿಕನ ಮಗನಾಗಿ ಜನಿಸಿದರು. 1903ರಲ್ಲಿ ಪದವೀಧರರಾಗಿ ಸರ್ಕಾರದ ಮಣ್ಣು ಸಮೀಕ್ಷೆಯ ಇಲಾಖೆಯನ್ನು ಸೇರಿದರು. 1905ರಲ್ಲಿ ವರ್ಜೀನಿಯಾದ ಲೂಯಿಸಾ ಎಂಬಲ್ಲಿ ಅಕ್ಕಪಕ್ಕದ ಎರಡು ನೆಲಗಳು ಅವರ ಗಮನ ಸೆಳೆದವು. ಕಾಡು ಬೆಳೆದಿದ್ದ ನೆಲ ಮೆದುವಾಗಿ, ತೇವದಿಂದ ಕೂಡಿತ್ತು. ಬಹುಕಾಲ ಉತ್ತಿದ್ದ ಇಳಿಜಾರಿನ ಹೊಲವಾದರೋ ಕಲ್ಲಿನಂತೆ ಗಡುಸಾಗಿತ್ತು. ಪ್ರತಿಯೊಂದು ಮಳೆಯೂ ಮೇಲ್ಮಣ್ಣಿನ ತೆಳುವಾದ ಪದರವನ್ನು ಹಾಳೆಯಂತೆ ಕಳಚಿ ಒಯ್ಯುತ್ತಿರುವುದು ಅವರಿಗೆ ಹೊಳೆಯಿತು. ಕೊರಕಲು ಬಿದ್ದರೆ ರೈತನ ಕಣ್ಣಿಗೆ ಕಾಣುತ್ತದೆ. ಈ ಕಳವು ಕಾಣುವುದಿಲ್ಲ.

ಆದರೆ ಅವರ ಇಲಾಖೆಯ ನಂಬಿಕೆಯೇ ಬೇರೆಯಾಗಿತ್ತು. ಮಣ್ಣು ಎಂದಿಗೂ ಬರಿದಾಗದ ಸಂಪತ್ತೆಂದು ಅದು 1909ರಲ್ಲಿ ಪ್ರಕಟಿಸಿತು. ಬೆನೆಟ್ಟರು ಎದೆಗುಂದಲಿಲ್ಲ. ಊರೂರು ತಿರುಗಿ ಸಾಕ್ಷ್ಯ ಕೂಡಿಸಿದರು. ಬರೆದರು, ಭಾಷಣ ಮಾಡಿದರು. ಮಣ್ಣಿನ ಸವಕಳಿಯು ರಾಷ್ಟ್ರಕ್ಕೊದಗಿದ ವಿಪತ್ತೆಂದು ಸಾರುವ ಅವರ ಪುಸ್ತಿಕೆ 1928ರಲ್ಲಿ ಹೊರಬಂದಿತು. ಮರುವರ್ಷವೇ ಸಂಶೋಧನಾ ಕೇಂದ್ರಗಳಿಗಾಗಿ ಸಂಸತ್ತು 1,60,000 ಡಾಲರುಗಳನ್ನು ಮಂಜೂರು ಮಾಡಿತು. 1933ರಲ್ಲಿ ಸವಕಳಿ ತಡೆಯುವ ಹೊಸ ಸಂಸ್ಥೆಗೆ ಅವರೇ ಮುಖ್ಯಸ್ಥರಾದರು.

ಅಷ್ಟರಲ್ಲಿ ಮಹಾ ಬಯಲುಗಳನ್ನು ಬರ ಆವರಿಸಿತ್ತು. ಗೋಧಿಗಾಗಿ ಹುಲ್ಲುಗಾವಲನ್ನು ಉತ್ತಿದ್ದ ನೆಲದಿಂದ ಮಣ್ಣು ಧೂಳಾಗಿ ಮೇಲೆದ್ದಿತು. 1935ರ ವಸಂತದಲ್ಲಿ ಆ ಧೂಳು ಬಹುದೂರ ಹಾರಿ ರಾಜಧಾನಿ ವಾಷಿಂಗ್ಟನ್ನಿನ ಆಕಾಶವನ್ನೇ ಮಬ್ಬುಗೊಳಿಸಿತು. ಬೆನೆಟ್ಟರ ಮಾತಿಗೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಅದರಂತೆ ಸ್ಥಾಪಿತವಾದ ಸೇವಾಸಂಸ್ಥೆಯನ್ನು ಅವರು 1951ರವರೆಗೆ ಮುನ್ನಡೆಸಿದರು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು, ಪಟ್ಟೆಪಟ್ಟೆಯಾಗಿ ಬೆಳೆಯಿಡುವುದು, ಕಡಿದಾದ ನೆಲವನ್ನು ಹುಲ್ಲಿಗೆ ಬಿಡುವುದು, ಇವನ್ನೆಲ್ಲ ರೈತರ ಹೊಲಗಳಲ್ಲಿಯೇ ಮಾಡಿ ತೋರಿಸಲಾಯಿತು.

ಬೆನೆಟ್ಟರು 1943ರಲ್ಲಿ ಅಮೆರಿಕದ ಭೂಗೋಳಜ್ಞರ ಸಂಘದ ಅಧ್ಯಕ್ಷರಾದರು. ಅಮೆರಿಕದ ಭೂಗೋಳ ಸಂಸ್ಥೆಯು ಅವರಿಗೆ ಕಲಮ್ ಪದಕವನ್ನಿತ್ತು ಗೌರವಿಸಿತು. 1960ರ ಜುಲೈ 7ರಂದು ಅವರು ನಿಧನರಾದರು. ಮಣ್ಣು ಸಂರಕ್ಷಣೆಯ ಪಿತಾಮಹರೆಂದು ಅವರನ್ನು ಇಂದಿಗೂ ಸ್ಮರಿಸುತ್ತಾರೆ. ಆದರೆ ಪದಕಗಳಿಗಿಂತ ಹಿರಿದಾದ ಮನ್ನಣೆಯೊಂದುಂಟು: ಮಳೆ ಸುರಿದ ಬಳಿಕವೂ ಹೊಲದಲ್ಲಿಯೇ ಉಳಿದ ಮಣ್ಣು.