ಮುಕ್ತಿ ಸದನದ ಪಂಡಿತೆ

ತುಂಗೆ, ಭದ್ರೆ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲವನ್ನು ನಮ್ಮಲ್ಲಿ ಅರಿಯದವರು ವಿರಳ. ಆ ಅರಣ್ಯದ ಆಶ್ರಮವೊಂದರಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಹೆಣ್ಣುಮಗುವೊಂದು ಮುಂದೆ ಪಂಡಿತಾ ರಮಾಬಾಯಿಯೆಂಬ ಹೆಸರಿನಿಂದ ಮೂರು ಖಂಡಗಳಲ್ಲಿ ಪ್ರಖ್ಯಾತಳಾದಳೆಂಬುದು ಮಾತ್ರ ನಮ್ಮ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ಮಹಾರಾಷ್ಟ್ರವು ಆಕೆಯನ್ನು ತನ್ನ ಮಗಳೆಂದು ಹೇಳಿಕೊಳ್ಳುವುದು ನ್ಯಾಯವೇ. ಮನೆಮಾತು ಮರಾಠಿ, ದುಡಿದುದೂ ಮಡಿದುದೂ ಆ ನೆಲದಲ್ಲಿ. ಆದರೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರು ಆಕ್ಷೇಪಿಸಿದಾಗ ಉಡುಪಿಗೆ ಹೋಗಿ, ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳನ್ನಿಟ್ಟು ತಮ್ಮ ನಡೆಯನ್ನು ಸಮರ್ಥಿಸಿಕೊಂಡ ಹಟವಾದಿ ಅವರು. ಆ ಹಟ ಮಗಳಿಗೂ ಬಂದಿತ್ತು.

ಆಶ್ರಮಕ್ಕೆ ಬಂದ ಅತಿಥಿಗಳನ್ನು ಸತ್ಕರಿಸಿ ಸತ್ಕರಿಸಿ ಶಾಸ್ತ್ರಿಗಳ ಕೈ ಬರಿದಾಯಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿಸಿದನು. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯಗಳಲ್ಲಿ ಪುರಾಣ ಓದುವುದು, ಕೇಳಿದವರು ಇಟ್ಟುದರಿಂದ ಜೀವಿಸುವುದು. ತಾಯಿ ಲಕ್ಷ್ಮೀಬಾಯಿ ಬೆಳಕು ಹರಿಯುವ ಮೊದಲೇ ಮಗಳನ್ನು ಎಬ್ಬಿಸಿ ಸಂಸ್ಕೃತವನ್ನು ಬಾಯಿಪಾಠ ಮಾಡಿಸುತ್ತಿದ್ದರು.

1870ರ ದಶಕದ ಬರಗಾಲದಲ್ಲಿ ಈ ಕುಟುಂಬ ಅಕ್ಷರಶಃ ಹಸಿವಿನಿಂದ ಕರಗಿಹೋಯಿತು. ಇದ್ದ ಹಣವನ್ನು ದೇವರ ಪ್ರೀತ್ಯರ್ಥವಾಗಿ ದಾನಮಾಡಿದ್ದಾಯಿತು. ಒಡವೆ, ಪಾತ್ರೆಗಳು ಮಾರಿಹೋದವು. ಕೊನೆಗೆ ಕಾಡಿನ ಸೊಪ್ಪು ತಿಂದು ದಿನ ನೂಕಿದರು. ತಂದೆ ತೀರಿಕೊಂಡರು, ಅನಂತರ ತಾಯಿ, ಬಳಿಕ ಅಕ್ಕ. ಮರಣಶಯ್ಯೆಯಲ್ಲಿದ್ದ ತಾಯಿಗೆ ಒಂದು ತುಂಡು ಸಜ್ಜೆರೊಟ್ಟಿ ಬೇಡಿ ತರಲು ನೆರೆಮನೆಗೆ ಹೋದ ರಮಾಬಾಯಿ, ನಾಚಿಕೆಯಿಂದ ಬಾಯಿ ಬಾರದೆ ಸುಮ್ಮನೆ ನಿಂತರು. ಈ ನಿಲುವನ್ನು ಅವರು ಜೀವಮಾನದಲ್ಲಿ ಮರೆಯಲಿಲ್ಲ. ಅವರ ಮುಂದಿನ ಧಾರ್ಮಿಕ ಜೀವನವನ್ನು ಅರಿಯಬಯಸುವವರು ಇಂಗ್ಲೆಂಡಿನ ಮಠಕ್ಕೆ ಹೋಗುವ ಮುನ್ನ ಈ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಉಳಿದವರು ಅಣ್ಣ ಶ್ರೀನಿವಾಸ, ತಂಗಿ ರಮಾ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ಪಂಡಿತರು ಆಕೆಯ ವಿದ್ವತ್ತಿಗೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಕೇಶವಚಂದ್ರ ಸೇನರು ವೇದವನ್ನೋದಲು ಹುರಿದುಂಬಿಸಿದರು. ಕ್ರೈಸ್ತರ ಕೂಟವೊಂದನ್ನು ಅವರು ಮೊದಲು ಕಂಡದ್ದೂ ಅಲ್ಲಿಯೇ. ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣುಮುಚ್ಚಿದ ಜನರನ್ನು ನೋಡಿ, ಇವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣತಂಗಿಯರು ಭಾವಿಸಿದರಂತೆ!

1880ರಲ್ಲಿ ಅಣ್ಣನೂ ಗತಿಸಿದನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ದಾಸರೆಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟುಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಪತಿಯ ಮನೆಯ ಪುಸ್ತಕಗಳ ನಡುವೆ ದೊರೆತ ಬಂಗಾಳಿ ಲೂಕನ ಸುವಾರ್ತೆಯೊಂದು ಅವರ ಮನಸ್ಸಿನಲ್ಲಿ ನಾಟಿಕೊಂಡಿತ್ತು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಆಯೋಗದ ಮುಂದೆ ಸ್ತ್ರೀಶಿಕ್ಷಣದ ಪರವಾಗಿ ಸಾಕ್ಷ್ಯ ನುಡಿದು, ವೈದ್ಯಕೀಯ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 29ರಂದು, ವಾಂಟೇಜಿನ ಸಂನ್ಯಾಸಿನಿಯರ ಆಶ್ರಯದಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಮುಗಿಯಿತೆಂದು ಸ್ವದೇಶದವರೂ ಭಾವಿಸಿದರು, ಮಠದವರೂ ಭಾವಿಸಿದರು. ಒಬ್ಬರಿಗೆ ಆಕೆ ಕಳೆದುಹೋದ ಆಸ್ತಿ, ಇನ್ನೊಬ್ಬರಿಗೆ ಕೈಗೆ ಬಂದ ಆಸ್ತಿ. ರಮಾಬಾಯಿ ಇಬ್ಬರ ಲೆಕ್ಕವನ್ನೂ ಕೆಡಿಸಿದರು. ದೇವರ ಮಾತಿಗೆ ತಲೆಬಾಗಿದ್ದೇನೆಯೇ ಹೊರತು ಪಾದ್ರಿಗಳ ಮಾತಿಗಲ್ಲವೆಂಬುದು ಅವರ ನಿಲುವು. ತ್ರಿತ್ವದ ಸಿದ್ಧಾಂತವನ್ನು ಪ್ರಶ್ನಿಸಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಾಗಬಾರದೇಕೆ ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಇದು ಬ್ರಾಹ್ಮಣ್ಯದ ಗರ್ವದ ಶೇಷವೆಂದು ಅವರ ಧರ್ಮಮಾತೆಯಾದ ಸೋದರಿ ಜೆರಾಲ್ಡಿನ್ ನೊಂದುಕೊಂಡರೂ ಬಿಡಲಿಲ್ಲ. ಇವರಿಬ್ಬರ ನಡುವಣ ಪತ್ರವ್ಯವಹಾರವನ್ನು ಓದಿದವರಿಗೆ ಜೆರಾಲ್ಡಿನ್‌ರ ಮೇಲೆಯೂ ಮರುಕ ಹುಟ್ಟುತ್ತದೆ. ಅವರು ಪ್ರೀತಿಯಿಲ್ಲದವರಲ್ಲ, ಆದರೆ ಪ್ರೀತಿಗೆ ಪ್ರತಿಯಾಗಿ ವಿಧೇಯತೆಯನ್ನು ಬಯಸಿದರು.

ಹಾಗಾದರೆ ರಮಾಬಾಯಿಯವರನ್ನು ಕ್ರೈಸ್ತ ಮತಕ್ಕೆ ಎಳೆದದ್ದು ಯಾವುದು? ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಸಂನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮವನ್ನು ಅವರು ನೋಡಿದ್ದರು. ಸಮಾಜವು ಪತಿತೆಯರೆಂದು ಹೊರದೂಡಿದ ಹೆಂಗಸರನ್ನು ಅಲ್ಲಿ ಅಸಹ್ಯವಿಲ್ಲದೆ ಮೈಮುಟ್ಟಿ ಉಪಚರಿಸುತ್ತಿದ್ದರು. ಕಾರಣ ಕೇಳಿದಾಗ ಯೇಸುವು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಓದಿ ತಿಳಿಸಿದರು. ತರ್ಕಶಾಸ್ತ್ರದಲ್ಲಿ ಪಳಗಿದ ಪಂಡಿತೆಯನ್ನು ಗೆದ್ದದ್ದು ತರ್ಕವಲ್ಲ, ನರಳುವವರ ಹಾಸಿಗೆ ಬಳಿಯ ಕೆಲಸ.

1886ರಲ್ಲಿ ಅಮೆರಿಕಕ್ಕೆ ಹೋಗಿ, ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಗ್ರಂಥ ಬರೆದು, ಧನಸಹಾಯದೊಡನೆ ಹಿಂದಿರುಗಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಅಲ್ಲಿಯ ಮೊದಲ ವಿಧವಾ ವಿದ್ಯಾರ್ಥಿನಿ. ಸದನದಲ್ಲಿ ಮತಬೋಧೆಯಿಲ್ಲವೆಂಬುದು ಕರಾರು. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ಮುಚ್ಚದೆ ಪ್ರಾರ್ಥಿಸುತ್ತಿದ್ದರು. ಹುಡುಗಿಯರು ತಾವಾಗಿ ಬಂದು ಕೂಡತೊಡಗಿದರು. 1893ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ತಿಲಕರ ‘ಕೇಸರಿ’ ಖಂಡಿಸಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಕೈಬಿಟ್ಟರು. ಪೋಷಕರು ಅನೇಕ ಹೆಣ್ಣುಮಕ್ಕಳನ್ನು ಕರೆದೊಯ್ದರು. ಇಲ್ಲಿ ರಮಾಬಾಯಿಯವರ ಪಕ್ಷವನ್ನು ಸಂಪೂರ್ಣವಾಗಿ ವಹಿಸುವುದು ನನಗೆ ಕಷ್ಟ. ಪ್ರಾರ್ಥಿಸುವ ಹಕ್ಕು ಅವರದು, ನಿಜ. ಆದರೆ ಗುರುವಿನ ತೆರೆದ ಬಾಗಿಲು ಶಿಷ್ಯೆಗೆ ಆಹ್ವಾನವೇ ಸರಿ, ಕರಾರನ್ನು ನಂಬಿದ ಪೋಷಕರ ದೂರಿನಲ್ಲಿಯೂ ಹುರುಳಿತ್ತು.

ಈ ವರ್ಷಗಳಲ್ಲಿಯೇ ಅವರ ಒಳಗೊಂದು ಮಾರ್ಪಾಟು ನಡೆದಿತ್ತು. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿದ್ದರೂ ತಮಗೆ ದೊರೆತದ್ದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲವೆಂದು ಅವರಿಗೆ ತೋರಿತು. ಜಗತ್ತೇ ಕೊಂಡಾಡುತ್ತಿದ್ದ ವಿದುಷಿಯೊಬ್ಬರು, ತಾವಿನ್ನೂ ದಾರಿಯ ಆರಂಭದಲ್ಲಿರುವೆವೆಂದು ಕಂಡುಕೊಂಡು ಅದನ್ನು ಬರೆದಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಅಲ್ಲಿಂದ ಅವರ ವಾದಗಳು ಕಡಮೆಯಾದವು, ಕೆಲಸ ಹೆಚ್ಚಿತು.

1896-97ರ ಕ್ಷಾಮದಲ್ಲಿ ಮಧ್ಯ ಪ್ರಾಂತಗಳಲ್ಲಿ ಅನಾಥ ಹುಡುಗಿಯರು ದುಷ್ಟರ ಪಾಲಾಗುತ್ತಿದ್ದಾರೆಂದು ಕೇಳಿ ಅವರು ತಾವೇ ಹೊರಟರು. ಹಳೆಯ ಹಸಿವು ಮರೆತಿರಲಿಲ್ಲ. ಗೊತ್ತಾದ ವರಮಾನವಿಲ್ಲದೆ, ಪ್ರಾರ್ಥನೆಯೊಂದನ್ನೇ ನೆಚ್ಚಿ ನೂರಾರು ಮಂದಿಯನ್ನು ತಂದರು. ಪ್ಲೇಗಿನ ನಿರ್ಬಂಧಗಳಿಂದ ಪುಣೆಯಲ್ಲಿ ಎಡೆಯಿರಲಿಲ್ಲ. ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ಗುಡಿಸಲೆದ್ದಿತು. ಅದೇ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿದ್ದವರ ಸಂಖ್ಯೆ ಸುಮಾರು 2,000ಕ್ಕೆ ಮುಟ್ಟಿತು. 1905ರಲ್ಲಿ ಅಲ್ಲೆದ್ದ ಭಕ್ತಿಯ ಉಬ್ಬರವನ್ನು ಕುರಿತು ದೇಶವಿದೇಶಗಳಲ್ಲಿ ಬಹಳ ಬರೆದರು. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಅಲ್ಲಿಯ ದಿನಚರಿ: ಬಾವಿ ತೋಡಿಸುವುದು, ಅಷ್ಟು ಮಂದಿಗೆ ಎರಡು ಹೊತ್ತು ಅಡುಗೆ, ಕಾಯಿಲೆಯವರ ಆರೈಕೆ, ನೇಯ್ಗೆ, ಗಾಣ, ಹೊಲಗೆಲಸ, ಅಚ್ಚುಮೊಳೆ ಜೋಡಿಸುವುದು. ಅಂಧ ಬಾಲೆಯರಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ಹೈದರಾಬಾದು ಸಂಸ್ಥಾನದಲ್ಲಿದ್ದ ಗುಲ್ಬರ್ಗಾದಲ್ಲಿಯೂ ತಾಯಿಮಗಳು ಒಂದು ಶಾಲೆ ತೆರೆದು ಕನ್ನಡ ಸೀಮೆಯ ಋಣವನ್ನು ತೀರಿಸಿದರೆನ್ನಬಹುದು.

ಕಡೆಯ ಹದಿನೈದು ವರ್ಷಗಳಷ್ಟು ಕಾಲ ಅವರನ್ನು ಹಿಡಿದಿಟ್ಟ ಕಾರ್ಯ ಸತ್ಯವೇದದ ಮರಾಠಿ ಅನುವಾದ. ಇದ್ದ ಅನುವಾದ ಓದುಬಲ್ಲವರಿಗೆ ಸಾಕಾಗಿತ್ತು; ಹಳ್ಳಿಯ ಹೆಂಗಸಿಗೆ ಎಟುಕುತ್ತಿರಲಿಲ್ಲ. ಆಕೆಗಾಗಿ ಈ ಮಹಾಪಂಡಿತೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ತಮ್ಮ ಪಾಂಡಿತ್ಯವನ್ನೆಲ್ಲ ತಿಳಿಯಾದ ಮಾತಿಗಾಗಿ ಸವೆಸಿದರು. 1921ರ ಜುಲೈಯಲ್ಲಿ ಮನೋರಮಾ ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸದನದ ಭಾರವನ್ನು ಹೊರಬೇಕಾಗಿದ್ದವಳು ಅವಳು. ತಾಯಿ ಮತ್ತೆ ಮೇಜಿನ ಮುಂದೆ ಕುಳಿತು ಕರಡಚ್ಚು ತಿದ್ದಿದರು. ಆ ಕೆಲಸ ಮುಗಿದ ಸಮಯದಲ್ಲಿ, 1922ರ ಏಪ್ರಿಲ್ 5ರಂದು, ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು. ಗ್ರಂಥವನ್ನು ಅಚ್ಚು ಮಾಡಿದವರು ಸದನದ ಹೆಣ್ಣುಮಕ್ಕಳೇ. ಸದನಕ್ಕೆ ಬರುವ ಮುನ್ನ ಅವರಲ್ಲಿ ಎಷ್ಟೋ ಮಂದಿಗೆ ಒಂದಕ್ಷರವೂ ಬರುತ್ತಿರಲಿಲ್ಲ.