ಗಾಳಿಯ ಗಾಲಿ, ಗಟ್ಟಿ ಗಾಲಿ: ರಾಬರ್ಟ್ ವಿಲಿಯಂ ಥಾಮ್ಸನ್

ಪಾಂಡವಪುರ, ಶ್ರೀರಂಗಪಟ್ಟಣಗಳ ಬಯಲಿನಲ್ಲಿ ಕಬ್ಬು ಹೇರುತ್ತಿದ್ದ ಗಾಡಿಗಳ ಮರದ ಗಾಲಿಗೆ ಹಿಂದೆ ಕಬ್ಬಿಣದ ಪಟ್ಟಿಯೇ ಪಾದರಕ್ಷೆ. ಅನಂತರ ಬಂದ ಟೈರುಗಾಡಿಯು ಎತ್ತುಗಳ ಶ್ರಮವನ್ನು ತಗ್ಗಿಸಿತು. ಆದರೆ ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲ ದಾರಿಯ ಜಾಲಿಮುಳ್ಳಿಗೆ ಅದು ಅಂಜಬೇಕಾಯಿತು. ಗಾಳಿಯ ಗಾಲಿಯನ್ನು ಮೊದಲು ನಿರ್ಮಿಸಿದವರೂ, ಭಾರಕ್ಕಾಗಿ ಗಾಳಿಯನ್ನೇ ತೊರೆದವರೂ ಒಬ್ಬರೇ ಎಂಬುದನ್ನು ಬಲ್ಲವರು ವಿರಳ.

ಥಾಮ್ಸನ್ನರು 1822ರಲ್ಲಿ ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಜನಿಸಿದರು. ಮಗನು ಧರ್ಮಬೋಧಕನಾಗಲೆಂದು ಹಿರಿಯರು ಬಯಸಿದ್ದರು. ಲ್ಯಾಟಿನ್ ಭಾಷೆ ಮಾತ್ರ ಅವರಿಗೆ ಒಲಿಯಲಿಲ್ಲ. ಹದಿನಾಲ್ಕರ ಹರೆಯದಲ್ಲಿ ಶಾಲೆ ಬಿಟ್ಟು ಅಮೆರಿಕಕ್ಕೆ ತೆರಳಿ, ಎರಡು ವರ್ಷಗಳಲ್ಲಿ ಮರಳಿ, ಗಣಿತ ಬಲ್ಲ ನೇಕಾರನೊಬ್ಬನ ನೆರವಿನಿಂದ ತಾವೇ ಶಾಸ್ತ್ರಾಭ್ಯಾಸ ಮಾಡಿದರು. ಭಾಷೆಯೊಂದು ಬಾರದವನನ್ನು ದಡ್ಡನೆನ್ನುವವರು ಇದನ್ನು ನೆನೆಯಬೇಕು.

1845ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ರಬ್ಬರು ಲೇಪಿಸಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ, ಮೇಲೆ ತೊಗಲು ಹೊದಿಸಿದ ಗಾಲಿಗೆ ಅವರು ಪೇಟೆಂಟ್ ಕೋರಿದರು. ಅಂತಹ ಗಾಲಿಗಳ ಒಂದು ಜೊತೆ 1200 ಮೈಲಿ ಓಡಿತು. ಕುದುರೆಯ ಶ್ರಮ ತಗ್ಗಿತು, ಸದ್ದಡಗಿತು. ಆದರೆ ರಬ್ಬರಿನ ಬೆಲೆ ವಿಪರೀತ. ಯಂತ್ರವಾಹನಗಳ ಕಾಲವೂ ಇನ್ನೂ ಬಂದಿರಲಿಲ್ಲ. ಗಾಲಿ ಮೂಲೆ ಸೇರಿತು.

1852ರಲ್ಲಿ ಅವರು ಜಾವಾ ದ್ವೀಪಕ್ಕೆ ತೆರಳಿ, ಸಕ್ಕರೆ ತಯಾರಿಸುವ ಯಂತ್ರಗಳ ಕೆಲಸದಲ್ಲಿ ಹತ್ತು ವರ್ಷ ಕಳೆದರು. ಕಬ್ಬಿನ ನಾಡಿನ ನಮಗೆ ಇದು ಆಪ್ತವಾದ ಸಂಗತಿ. 1867ರಲ್ಲಿ ಎಡಿನ್‌ಬರೋದಲ್ಲಿ ಹಬೆಯಿಂದ ರಸ್ತೆಯ ಮೇಲೆ ಓಡುವ ಎಳೆಬಂಡಿಯನ್ನು ರೂಪಿಸಿದಾಗ, ಅದರ ಗಾಲಿಗಳಿಗೆ ಐದು ಅಂಗುಲ ದಪ್ಪದ ಗಟ್ಟಿ ರಬ್ಬರನ್ನು ತೊಡಿಸಿದರು. ಭಾರಕ್ಕೆ ರಬ್ಬರು ಚಪ್ಪಟೆಯಾಗಿ ಅಗಲವಾಗಿ ನೆಲಕ್ಕೆ ಕೂರುತ್ತಿದ್ದುದರಿಂದ ಬಂಡಿ ಜಾರುತ್ತಿರಲಿಲ್ಲ, ರಸ್ತೆಯೂ ಕೆಡುತ್ತಿರಲಿಲ್ಲ. ತಮ್ಮ ಮೊದಲ ಕಲ್ಪನೆಯ ಮೇಲಣ ಮೋಹವನ್ನು ಅವರು ಭಾರದ ಮುಂದೆ ಇಟ್ಟುಕೊಳ್ಳಲಿಲ್ಲ. ಇಂದಿಗೂ ಕಾರ್ಖಾನೆಗಳಲ್ಲಿ ಹೊರೆಯೆತ್ತುವ ಬಂಡಿಗಳಿಗೆ ಗಟ್ಟಿ ಟೈರುಗಳುಂಟು. ಗಣಿಯ ಕೆಲವು ವಾಹನಗಳ ಟೈರಿನೊಳಗೆ ಗಾಳಿಯ ಬದಲು ಪಾಲಿಯುರೆಥೇನ್ ದ್ರವ ತುಂಬಿ ಗಟ್ಟಿಯಾಗಿಸುವುದೂ ಉಂಟು. ಇವಕ್ಕೆ ಮುಳ್ಳಿನ ಭಯವಿಲ್ಲ; ತೂಕ ಹೆಚ್ಚು, ವೇಗದಲ್ಲಿ ಕಾಯುತ್ತವೆ.

ಥಾಮ್ಸನ್ನರ ಬಂಡಿಗಳು ಹಿಂದೂಸ್ಥಾನಕ್ಕೂ ಬಂದವು. 1870ರ ದಶಕದಲ್ಲಿ ಸೇನಾಧಿಕಾರಿ ಕ್ರಾಂಪ್ಟನ್ನರು ಪಂಜಾಬಿನ ಹೆದ್ದಾರಿಯಲ್ಲಿ ಅವನ್ನು ನಡೆಸಿದರು. ನಮ್ಮ ಮನೆಗಳ ಫ್ಯಾನಿನ ಮೇಲಿರುವುದು ಅವರ ಹೆಸರೇ.

1873ರ ಮಾರ್ಚಿ 8ರಂದು ಥಾಮ್ಸನ್ನರು ತೀರಿಕೊಂಡರು. ಹದಿನೈದು ವರ್ಷಗಳ ಮೇಲೆ, 1888ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯರು ಸೈಕಲ್ಲಿಗಾಗಿ ಗಾಳಿಯ ಟೈರಿಗೆ ಪೇಟೆಂಟ್ ಪಡೆದರು. ಕೀರ್ತಿ ಅವರದಾಯಿತು. ಮುಂದೆ ಥಾಮ್ಸನ್ನರ ಹಳೆಯ ಪೇಟೆಂಟ್ ಬೆಳಕಿಗೆ ಬಂದುದರಿಂದ ಡನ್‌ಲಪ್ಪರ ಪೇಟೆಂಟ್ ಅಸಿಂಧುವೆನಿಸಿತು.